ಹ್ಯಾಂಡಲ್ ಮೇಷ್ಟ್ರು

ಹತ್ತನೇ ತರಗತಿಯಲ್ಲಿ ನಮಗೆ ಗಣಿತ ಹೇಳುತ್ತಿದ್ದ ಮೇಷ್ಟ್ರು ಎರಡನೇ ಮಹಾಯುದ್ಧದ ಕಾಲಕ್ಕೆ ಹತ್ತು ವರ್ಷದ ಹುಡುಗ. ಆಗ ಕೋಲಾರದ ವಿಮಾನನೆಲೆಯಲ್ಲಿ ಬ್ರಿಟಿಷರ ಲಿಬರೇಟರ್ ಬಾಂಬರ್‌ಗಳಿದ್ದವು. 1944ರ ನವೆಂಬರಿನಲ್ಲಿ 358ನೇ ಸ್ಕ್ವಾಡ್ರನ್ ಎಂಬ ಬಾಂಬರ್ ತುಕಡಿ ಹುಟ್ಟಿದ್ದೇ ಅಲ್ಲಿ. ಮೇಷ್ಟ್ರ ತಂದೆ ಕ್ಯಾಂಪಿಗೆ ತರಕಾರಿ ಹಾಕುತ್ತಿದ್ದರು. ಅಲ್ಲೊಬ್ಬ ಕೆನಡಾದ ಹುಡುಗ, ತಾನು ಕಲಿತ ವಿಮಾನದ ಚಕ್ರವನ್ನು ಕೈಯಿಂದಲೇ ತಿರುಗಿಸಿ ತಿರುಗಿಸಿ ಮೇಲೆತ್ತಬೇಕಿತ್ತು ಅಂತ ಅಭಿನಯಿಸಿ ತೋರಿಸಿದ್ದನಂತೆ.

ತ್ರಿಕೋನಮಿತಿಯ ನಡುವೆ ಮೇಷ್ಟ್ರಿಗೆ ಇದು ನೆನಪಾಗೋದು. ಸೀಮೆಸುಣ್ಣ ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ಹಳೇ ಬಸ್ಸಿಗೆ ಹ್ಯಾಂಡಲ್ ಹೊಡೆಯೋ ಕ್ಲೀನರ್ ಥರ ತಿರುಗಿಸೋರು. ‘ನೂರಕ್ಕೂ ಮೇಲೆ ಸುತ್ತು ಕಣ್ರೋ!’ ಹಿಂದಿನ ಬೆಂಚಿನಿಂದ ನನ್ನ ಗೆಳೆಯ ಪಿಸುಗುಟ್ಟಿದ: ‘ಹ್ಯಾಂಡಲ್ ಅಲ್ಲ, ಬಂಡಲ್.’ ಅವತ್ತಿನಿಂದ ಅವರು ಹ್ಯಾಂಡಲ್ ಮೇಷ್ಟ್ರು.

ಹೋದ ಬೇಸಿಗೆಯಲ್ಲಿ ಕೆನಡಾದ ವಿನಿಪೆಗ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಪಶ್ಚಿಮಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಬ್ರ್ಯಾಂಡನ್. ಯುದ್ಧಕಾಲದಲ್ಲಿ ಅಲ್ಲಿದ್ದ ವಿಮಾನ ತರಬೇತಿ ಶಾಲೆಯ ಹ್ಯಾಂಗರ್ ಈಗ ಮ್ಯೂಸಿಯಂ. ದಾರಿಯುದ್ದಕ್ಕೂ ಹೊಲವೇ ಹೊಲ. ಬೆಟ್ಟ ನೋಡಿ ಬೆಳೆದ ನನ್ನ ಕಣ್ಣಿಗೆ ಬೋಳುಬೋಳು. ಆದರೆ ಹಾರಲು ಕಲಿಯುವವರಿಗೆ ಬೇಕಾಗಿದ್ದೇ ಅದು. ಬ್ರಿಟನ್ನಿನ ಆಕಾಶದಲ್ಲಿ ಜರ್ಮನ್ ವಿಮಾನಗಳ ಕಾಟ. ಇಲ್ಲಿ ಶತ್ರುವೂ ಇಲ್ಲ, ದೀಪ ಆರಿಸಬೇಕೆಂಬ ನಿಯಮವೂ ಇಲ್ಲ. 1939ರ ಡಿಸೆಂಬರ್ 17ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ನಡುವೆ ಒಟ್ಟಾವದಲ್ಲಿ ಈ ತರಬೇತಿಯ ಒಪ್ಪಂದವಾಗಿ, 1945ರ ಹೊತ್ತಿಗೆ 1,31,553 ಮಂದಿ ಇಲ್ಲಿ ಪೈಲಟ್, ನ್ಯಾವಿಗೇಟರ್, ವೈರ್‌ಲೆಸ್‌ನವರು, ಗನ್ನರ್, ಬಾಂಬ್ ಎಸೆಯುವವರಾಗಿ ತಯಾರಾದರು. ಕೊನೆಕೊನೆಗೆ ಪೆಸಿಫಿಕ್ ತೀರದ ಬೌಂಡರಿ ಬೇಯಲ್ಲಿ ಲಿಬರೇಟರ್ ಸಿಬ್ಬಂದಿಗೇ ಬೇರೆ ಶಾಲೆ ಶುರುವಾಯಿತು. ಅಲ್ಲಿ ಕಲಿತ ಹಲವರು ನಮ್ಮ ದೇಶಕ್ಕೆ ಬಂದರು.

ಬಾಂಬ್ ಪಾಠದ ಬಗೆಯೇ ಚೆಂದ. ಸಸ್ಕಾಚೆವಾನ್‌ನ ಮಾಸ್‌ಬ್ಯಾಂಕ್ ಶಾಲೆಯವರು ಪಕ್ಕದ ಕೆರೆಯಲ್ಲಿ ಗುರಿ ನಿಲ್ಲಿಸಿದ್ದರು. (ಕೆರೆ ಅಂದೆ, ಅದು ಸಮುದ್ರದಂಥ ಸರೋವರ.) ಮೇಲಿನಿಂದ ಐದು ಕಿಲೋದ ಅಭ್ಯಾಸದ ಬಾಂಬು ಬಿದ್ದು ಪುಸ್ಸೆಂದು ಹೊಗೆ ಏಳುತ್ತದೆ. ಇಂಥ ಕಡೆ ದೂರದೂರದ ಎರಡು ಗುಡಿಸಲುಗಳಲ್ಲಿ ಕೂತವರು ಹೊಗೆಯ ಕೋನ ಅಳೆದು ಫೋನಿನಲ್ಲಿ ಹೇಳುತ್ತಾರೆ. ಕಾಗದದ ಮೇಲೆ ಎರಡು ಗೆರೆ ಕೂಡಿದ ಜಾಗವೇ ಬಾಂಬು ಬಿದ್ದ ಜಾಗ. ಎರಡು ಕೋನ, ನಡುವೆ ಗೊತ್ತಿರುವ ಒಂದು ಬಾಹು! ‘ಇದರಿಂದ ಏನು ಉಪಯೋಗ ಸಾರ್’ ಎಂದು ಕೇಳಿ ನಾನು ಬೆಂಚಿನ ಮೇಲೆ ನಿಂತ ಲೆಕ್ಕ.

ಮ್ಯೂಸಿಯಂ ಹೊರಗೊಂದು ಉದ್ದನೆಯ ಕಪ್ಪು ಗೋಡೆ, ಯುದ್ಧದ ವರ್ಷಗಳಲ್ಲಿ ಸತ್ತ 19,000ಕ್ಕೂ ಹೆಚ್ಚು ವಾಯುಪಡೆಯವರ ಹೆಸರು. ಯುದ್ಧದ ಮುಖವನ್ನೇ ನೋಡದೆ, ಕಲಿಯುವಾಗಲೇ ವಿಮಾನ ಬಿದ್ದು ಹೋದವರೂ ಅದರಲ್ಲಿದ್ದಾರೆ. ಕೋಲಾರದಲ್ಲಿ ಕೈ ತಿರುಗಿಸಿದ ಆ ಹುಡುಗನ ಹೆಸರು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಸುಮ್ಮನೆ ಓದುತ್ತಾ ನಡೆದೆ.

ಒಳಗೆ ಹಳದಿ ಬಣ್ಣದ ಆನ್ಸನ್ ಎಂಬ ತರಬೇತಿ ವಿಮಾನ ನಿಂತಿತ್ತು. ಪೈಲಟ್ ಸೀಟಿನ ಬದಿಯಲ್ಲಿ ಒಂದು ಸಣ್ಣ ಕಬ್ಬಿಣದ ಹಿಡಿ. ‘ಚಕ್ರ ಎತ್ತೋಕೆ. 140ಕ್ಕೂ ಹೆಚ್ಚು ಸುತ್ತು’ ಅಂದರು ತೋರಿಸುತ್ತಿದ್ದ ಅಜ್ಜ. ಅವರ ಕೈಯೂ ತಾನಾಗಿ ತಿರುಗಿತು, ಥೇಟ್ ಮೇಷ್ಟ್ರ ಹಾಗೆ.

ಮೇಷ್ಟ್ರು ತೀರಿಕೊಂಡು ಹನ್ನೊಂದು ವರ್ಷ. ಕಾರಿನಿಂದಲೇ ಹಿಂದಿನ ಬೆಂಚಿನ ಗೆಳೆಯನಿಗೆ ಫೋನ್ ಹಚ್ಚಿದೆ. ಊರಲ್ಲಿ ಮಧ್ಯರಾತ್ರಿ, ನಿದ್ದೆಗಣ್ಣಲ್ಲಿ ಎತ್ತಿದ.

‘ಬಂಡಲ್ ಅಲ್ಲ ಕಣೋ,’ ಅಂದೆ. ‘ಹ್ಯಾಂಡಲ್ಲೇ.’