ತಣ್ಣಗಿರೋ ಬಲ್ಬಿನ ಲೆಕ್ಕ

ನಿನ್ನೆ ಅಟ್ಟ ಕ್ಲೀನ್ ಮಾಡ್ತಿದ್ದಾಗ ಹಳೇ 100 ವ್ಯಾಟ್ ಬಲ್ಬ್ ಒಂದು ಸಿಕ್ತು, ಸುಮ್ನೆ ಮಲ್ಟಿಮೀಟರ್ ಇಟ್ಟು ಅದರ ರೆಸಿಸ್ಟೆನ್ಸ್ (ಅಂದ್ರೆ ಕರೆಂಟ್ ಹರಿಯೋಕೆ ತಂತಿ ಒಡ್ಡೋ ಅಡ್ಡಿ) ನೋಡಿದ್ರೆ 38 ಓಮ್ ತೋರಿಸ್ತು. 230 ವೋಲ್ಟಿಗೆ ಲೆಕ್ಕ ಹಾಕಿದ್ರೆ 529 ಇರ್ಬೇಕು! ಮೀಟರ್ ತಪ್ಪಿಲ್ಲ, ಬಲ್ಬೂ ಕೆಟ್ಟಿಲ್ಲ, ಉರಿಯೋವಾಗ ಒಳಗಿನ ಟಂಗ್‌ಸ್ಟನ್ ತಂತಿ ಸುಮಾರು 2500 ಡಿಗ್ರಿ ಕಾಯುತ್ತೆ, ಆ ಬಿಸಿಗೆ ಪರಮಾಣುಗಳು ಜೋರಾಗಿ ಅಲುಗಾಡಿ ಎಲೆಕ್ಟ್ರಾನ್‌ಗಳ ದಾರಿಗೆ ಅಡ್ಡ ಬರ್ತವೆ, ಹಂಗಾಗಿ ರೆಸಿಸ್ಟೆನ್ಸ್ ಹದಿನಾಲ್ಕು ಪಟ್ಟು ಏರುತ್ತೆ. ಈ ಬಲ್ಬ್‌ಗಳು ಎಷ್ಟೋ ಸಲ ಸ್ವಿಚ್ ಹಾಕಿದ ಕ್ಷಣವೇ ಪಟ್ ಅಂತ ಹೋಗೋದೂ ಇದಕ್ಕೇ, ತಣ್ಣಗಿರೋ ತಂತೀಲಿ ಕರೆಂಟ್ ಒಮ್ಮೆಲೇ ನುಗ್ಗುತ್ತೆ.

ತಾಮ್ರನೂ ಹಿಂಗೇ, ಅದರ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.39 ಪರ್ಸೆಂಟ್ ಏರುತ್ತೆ. ಹೀಟರ್ ಕಾಯಿಲಿನ ನೈಕ್ರೋಮ್ ಅನ್ನೋ ಮಿಶ್ರಲೋಹದ್ದು ಮಾತ್ರ ಅಷ್ಟಾಗಿ ಬದಲಾಗಲ್ಲ.

ಶುದ್ಧ ಸಿಲಿಕಾನ್, ಜರ್ಮೇನಿಯಂ ಪೂರ್ತಿ ಉಲ್ಟಾ, ಬಿಸಿ ಆದಷ್ಟೂ ಹೊಸ ಎಲೆಕ್ಟ್ರಾನ್‌ಗಳು ಬಿಡಿಸ್ಕೊಂಡು ಓಡಾಡೋಕೆ ಶುರು ಮಾಡ್ತವೆ, ರೆಸಿಸ್ಟೆನ್ಸ್ ಇಳಿಯುತ್ತೆ. ಜ್ವರ ನೋಡೋ ಡಿಜಿಟಲ್ ಥರ್ಮಾಮೀಟರ್ ತುದೀಲಿರೋ ಥರ್ಮಿಸ್ಟರ್ (ಬಿಸಿ ಅಳೆಯೋ ಪುಟ್ಟ ಬಿಡಿಭಾಗ) ಕೂಡ ಬಿಸಿಗೆ ಹಿಂಗೇ ಇಳಿಯೋ ಜಾತಿ.

ನಂಗೆ ಇದರಲ್ಲೆಲ್ಲಾ ಮೈ ಜುಂ ಅನ್ಸೋದು ಪಾದರಸದ ಕಥೆ. 1911ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಅನ್ನೋ ವಿಜ್ಞಾನಿ ಅದನ್ನ 4.2 ಕೆಲ್ವಿನ್‌ವರೆಗೂ (ಅಂದ್ರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ತಣ್ಣಗೆ ಮಾಡಿದ್ರೆ, ರೆಸಿಸ್ಟೆನ್ಸ್ ನಿಧಾನಕ್ಕೆ ಇಳೀಲಿಲ್ಲ, ದಿಢೀರ್ ಅಂತ ಮಾಯ ಆಗೋಯ್ತು!