ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್ ಒಳಗೆ

ಮೈಸೂರಿನ ಇರ್ವಿನ್ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ, ವೆಲ್ಲಿಂಗ್ಟನ್ ಹೌಸ್ ಒಳಗೆ ಕಾಲಿಟ್ಟಿದ್ದು ಮಾತ್ರ ಮೊನ್ನೆ. ಟಿಕೆಟ್ ಇಲ್ಲ. ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣದ ಕೇಂದ್ರ ಇದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇದ್ದ ಮನೆ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು ಅವನೇ.

ಆ ಕಥೆಗಿಂತ ನನಗೆ ಜಾಸ್ತಿ ಹಿಡಿಸಿದ್ದು ಬುಡಕಟ್ಟು ಜನರ ಕೈಕೆಲಸ. ಮಹಾರಾಷ್ಟ್ರದ ವಾರ್ಲಿ ಬುಡಕಟ್ಟಿನವರ ಚಿತ್ರಗಳನ್ನೇ ನೋಡಿ, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಒಂದಿಷ್ಟು ತ್ರಿಕೋನ, ವೃತ್ತ, ಗೆರೆ, ಅಷ್ಟರಲ್ಲೇ ಇಡೀ ಊರು ಕೈಕೈ ಹಿಡಿದು ಕುಣಿಯುತ್ತದೆ, ನಮ್ಮಜ್ಜಿ ಹಬ್ಬಕ್ಕೆ ಬಾಗಿಲ ಮುಂದೆ ಇಡುತ್ತಿದ್ದ ರಂಗೋಲಿಗೂ ಇದಕ್ಕೂ ಏನೋ ನಂಟಿದೆ ಅಲ್ವಾ ಅನ್ನಿಸಿತು. ತುಂಬಾ ಹೊತ್ತು ಸುಮ್ನೆ ನಿಂತು ನೋಡಿದೆ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ.