ನಡುವೆ ಕತ್ತರಿಸಿ ನೋಡಿ

ನಿನ್ನೆ ರಾತ್ರಿ ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್‌ನ ಒಂದು ಸ್ಟೇಕ್‌ಹೌಸಲ್ಲಿ (ಸ್ಟೇಕ್, ಅಂದ್ರೆ ಬೆಂಕಿಯಲ್ಲಿ ಸುಟ್ಟ ದಪ್ಪ ಮಾಂಸದ ತುಂಡು, ಕೊಡೋ ಹೋಟೆಲು) ಊಟ.

ತಟ್ಟೆ ಇಟ್ಟ ಹುಡುಗಿ ಅಲ್ಲೇ ನಿಂತಳು. "ಸರಿಯಾಗಿ ನಡುವೆ ಕತ್ತರಿಸಿ ನೋಡಿ" ಅಂದಳು. ಕತ್ತರಿಸಿದೆ. ಅಂಚೆಲ್ಲ ಕಪ್ಪಗೆ ಸೀದಿದೆ, ಒಳಗೆ ಬೆಚ್ಚಗಿನ ಕೆಂಪು. ನಾನು ಹೇಳಿದ್ದು ಮೀಡಿಯಂ ರೇರ್, ಅಂದ್ರೆ ಅರೆಬೆಂದದ್ದು, ಒಳಗೆ ಸುಮಾರು 55 ಡಿಗ್ರಿ ಸೆಲ್ಸಿಯಸ್. ಬಣ್ಣ ನೋಡಿ ತಲೆಯಾಡಿಸಿ, ಆಮೇಲೆ ಹೊರಟಳು.

ಜಾಣತನ ನೋಡಿ. ಕಡಿಮೆ ಬೆಂದಿದ್ರೆ ಮತ್ತೆ ಬೆಂಕಿಗೆ ಹಾಕಬಹುದು. ಜಾಸ್ತಿ ಬೆಂದಿದ್ದನ್ನ ಹಿಂದಕ್ಕೆ ತರೋಕೆ ಯಾವ ಬಾಣಸಿಗನಿಂದಲೂ ಆಗಲ್ಲ. ಗೊತ್ತಾಗೋದಾದ್ರೆ ಮೊದಲ ತುತ್ತಿಗೇ ಗೊತ್ತಾಗಲಿ.

ಪಕ್ಕದ ಟೇಬಲ್‌ನವನು ವೆಲ್ ಡನ್, ಅಂದ್ರೆ ಪೂರ್ತಿ ಬೆಂದದ್ದು ಕೇಳಿ, ಬಂದಮೇಲೆ "ಒಣಗಿಹೋಗಿದೆ" ಅಂತ ರೇಗಾಡಿದ. (ಚಪ್ಪಲಿ ಥರ ಬೇಯಿಸಿ ಅಂತ ಕೇಳಿದ್ದು ನೀನೇ ಅಲ್ವೇನಪ್ಪ!) ಅವಳು ಮುಖ ಸಿಂಡರಿಸದೆ ತಟ್ಟೆ ಎತ್ತಿಕೊಂಡು ಹೋದಳು.

ಟೆಕ್ಸಸ್‌ನಲ್ಲಿ ಟಿಪ್ಸ್ ಪಡೆಯೋರಿಗೆ ಮಾಲೀಕ ಕೊಡಲೇಬೇಕಾದ ಸಂಬಳ ಗಂಟೆಗೆ 2.13 ಡಾಲರ್. ಟಿಪ್ಸ್ ಸೇರಿಯೂ ಗಂಟೆಗೆ 7.25 ಡಾಲರ್‌ನ ಕನಿಷ್ಠ ವೇತನ ಮುಟ್ಟದಿದ್ರೆ ಮಾತ್ರ ಉಳಿದದ್ದು ಅವನು ತುಂಬಬೇಕು. ಆ 2.13 ಅನ್ನೋ ಅಂಕಿ 1991ರಿಂದ ಒಂದು ಸೆಂಟೂ ಅಲುಗಾಡಿಲ್ಲ. ಮುಖ ಸಿಂಡರಿಸೋ ಸ್ವಾತಂತ್ರ್ಯ ಎಲ್ಲಿದೆ ಹೇಳಿ.

ರೇಗಾಡಿದ ಮಹಾಶಯ ಎಷ್ಟು ಟಿಪ್ಸ್ ಇಟ್ಟನೋ, ಬಗ್ಗಿ ನೋಡೋಕೆ ಮನಸ್ಸಾಯ್ತು. ಹೆಂಡತಿ ಬಿಡಲಿಲ್ಲ.